ಮೂರನೆಯ ವೈರಿನ ಒಂಬತ್ತು ಎಳೆಗಳು

“ಅಪ್ಪಾ, ಬೆಂಕಿಗೆ ಈ ವೈರೇ ಕಾರಣವಾ? ಹೌದು ಅಥವಾ ಅಲ್ಲ. ಎರಡರಲ್ಲಿ ಒಂದು ಹೇಳು, ಸಾಕು.”

“ದಪ್ಪ ಎಷ್ಟು ಅಂತ ನೋಡದೆ ಹೌದು ಅಲ್ಲ ಅನ್ನೋಕೆ ನಾನೇನು ಕಣಿ ಹೇಳೋನಾ? ಟಾರ್ಚ್ ಸರಿಯಾಗಿ ಹಿಡಿ. ಗೋಡೆ ಮೇಲಲ್ಲ, ವೈರಿನ ಮೇಲೆ.”

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು ಟಾರ್ಚನ್ನು ವೈರಿನ ಕಡೆ ತಿರುಗಿಸಿದಳು. ಅವಳ ಒಂದು ಹುಬ್ಬು ಮೇಲೇರಿದರೆ ಇಡೀ ಠಾಣೆ ಎದ್ದು ನಿಲ್ಲುತ್ತಿತ್ತು. ಈ ಮನುಷ್ಯ ಮಾತ್ರ ಅವಳನ್ನು ಒಂದು ಗಂಟೆಯಿಂದ ಸುಟ್ಟ ಕೋಣೆಯಲ್ಲಿ ಟಾರ್ಚ್ ಹಿಡಿಸಿ ನಿಲ್ಲಿಸಿಕೊಂಡಿದ್ದ, ಅದೂ ಯೂನಿಫಾರಂನಲ್ಲಿ.

ಹನ್ನೊಂದು ದಿನದ ಹಿಂದೆ, ವಾರದ ರಜೆಯ ಮಧ್ಯಾಹ್ನ, ಈ ಪುಸ್ತಕ ಬೈಂಡಿಂಗ್ ಕಾರ್ಖಾನೆ ಹೊತ್ತಿ ಉರಿದಿತ್ತು. ಒಳಗೆ ಒಬ್ಬನೇ ಇದ್ದ ದೊಡ್ಡ ಯಜಮಾನ ಹಿಂಬದಿಯ ಶಟರಿನ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಬೆಂಕಿಗೆ ವಾರದ ಮುಂಚೆಯಷ್ಟೇ ಹೊಸ ಬ್ರೇಕರ್ ಕೂರಿಸಿ ಹೋಗಿದ್ದ ಎಲೆಕ್ಟ್ರಿಷಿಯನ್ ಈಗ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನ ಮೇಲಿನ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕು.

ಆ ಎಲೆಕ್ಟ್ರಿಷಿಯನ್‌ನ ಜೇಬಿನಲ್ಲಿ ಸದಾ ಒಂದು ಟೆಸ್ಟರ್ ಇರುತ್ತಿದ್ದುದರಿಂದ ಊರೆಲ್ಲ ಅವನನ್ನು ‘ಟೆಸ್ಟರ್’ ಎಂದೇ ಕರೆಯುತ್ತಿತ್ತು. ಕೆಲಸ ಕಲಿತದ್ದು ಇದೇ ಅಪ್ಪನ ಕೈಕೆಳಗೆ. ಅದೇ ಅವಳ ದೊಡ್ಡ ತಲೆನೋವು. ಅಪ್ಪನನ್ನು ಇಲ್ಲಿಗೆ ಕರೆತಂದದ್ದು ಮೇಲಿನವರಿಗೆ ಗೊತ್ತಾದರೆ ನಾಳೆ ಅವಳ ಹಣೆಬರಹವೂ ಕೋರ್ಟಿನಲ್ಲೇ ತೀರ್ಮಾನವಾಗುತ್ತಿತ್ತು.

ಆದರೆ ಬೇರೆ ದಾರಿ ಇರಲಿಲ್ಲ. ಈ ಹನ್ನೊಂದು ದಿನದಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂಬ ಮಾತು ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಬೆಂಕಿ ಆರಿಸಿದವರು ಹಾಗಂದರು. ಪಕ್ಕದ ಅಂಗಡಿಯವನು ಹಾಗಂದ. ಹಾಲು ತರುವವನೂ ಹಾಗಂದ, ಅವನನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆಗೆ ಬಂದ ತಜ್ಞ ಎರಡು ಸಾಲು ಬರೆದುಕೊಟ್ಟಿದ್ದ: ಮೂರನೆಯ ವೈರಿನ ಎಳೆಗಳನ್ನು ಕತ್ತರಿಸಿ ಬ್ರೇಕರಿಗೆ ತುರುಕಲಾಗಿದೆ, ಜೋಡಣೆ ಬಿಸಿಯಾಗಿ ಬೆಂಕಿ ಹತ್ತಿದೆ. ವಿವರ ಕೇಳಲು ಫೋನ್ ಮಾಡಿದರೆ, “ವರದಿಯಲ್ಲಿ ಬರೆದಿದ್ದೀನಲ್ಲ ಮೇಡಂ” ಎಂದು ಇಟ್ಟುಬಿಟ್ಟಿದ್ದ.

ಅಪ್ಪ ಚೀಲದಿಂದ ಅಳತೆಯ ಕೈವಾರ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಕರಕಲಾದ ಕಬ್ಬಿಣದ ಪೆಟ್ಟಿಗೆಯೊಳಗೆ ತಲೆ ತೂರಿಸಿದ.

“ಕೇಳು. ಮೀಟರಿನಿಂದ ಬಂದಿರೋ ಈ ಮೂರೂ ಹಳೇ ವೈರುಗಳು. ಐವತ್ತು ಚದರ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಆಗಿನ ಕಾಲದವರು ದಪ್ಪ ಇದ್ದಷ್ಟೂ ಒಳ್ಳೇದು ಅಂತ ಎಳೆದುಬಿಡೋರು. ಒಂದೊಂದರಲ್ಲೂ ಹತ್ತೊಂಬತ್ತು ಎಳೆ.”

“ಸರಿ.”

“ಹೊಸ ಬ್ರೇಕರಿನ ಬಾಯಿ ಚಿಕ್ಕದು. ಇಪ್ಪತ್ತೈದಕ್ಕಿಂತ ದಪ್ಪ ಇದರೊಳಗೆ ಹೋಗಲ್ಲ. ಈಗ ಏನು ಮಾಡ್ತೀಯ?”

“ನನ್ನನ್ನೇನು ಕೇಳ್ತೀಯ? ನಾನು ಪೊಲೀಸು!”

“ಕೆಲಸ ಗೊತ್ತಿಲ್ಲದೋನು ಅರ್ಧ ಎಳೆ ಕತ್ತರಿಸಿ ಎಸೆದು, ಉಳಿದದ್ದನ್ನ ತುರುಕ್ತಾನೆ. ಹೊರಗಿಂದ ಚೆನ್ನಾಗೇ ಕಾಣುತ್ತೆ. ಆದರೆ ಐವತ್ತರಲ್ಲಿ ಬರೋ ಕರೆಂಟು ಅಲ್ಲಿಗೆ ಬಂದು ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಬಿಸಿಯಾಗುತ್ತೆ. ಕೆಲಸ ಗೊತ್ತಿರೋನು ಲಗ್ ಹಾಕ್ತಾನೆ. ಇಲ್ಲಿ ನೋಡು.”

ಮೊದಲ ಎರಡು ವೈರುಗಳ ತುದಿಗೆ ಬೆರಳುದ್ದದ ಲೋಹದ ಟೊಪ್ಪಿಗೆಗಳಿದ್ದವು. ಒಂದು ಕಡೆ ದಪ್ಪ ಕೊಳವೆ, ವೈರು ಪೂರ್ತಿ ಅದರೊಳಗೆ ಹೊಕ್ಕು ಅಮುಕಿಸಿಕೊಂಡಿತ್ತು. ಇನ್ನೊಂದು ಕಡೆ ಸಣ್ಣ ಕಡ್ಡಿ, ಅದು ಬ್ರೇಕರಿನ ಬಾಯಿಗೆ ಸರಿಯಾಗಿ ಕೂತಿತ್ತು. ಮೂರನೆಯದಕ್ಕೆ ಟೊಪ್ಪಿಗೆ ಇರಲಿಲ್ಲ. ಒಂಬತ್ತು ಎಳೆ ಬುಡದಲ್ಲೇ ತುಂಡಾಗಿ, ಉಳಿದ ಹತ್ತನ್ನು ಹೇಗೋ ಒಳಗೆ ಗಿಡಿದಿದ್ದರು.

“ಅಂದರೆ ವರದಿ ಸರಿಯಾಗೇ ಇದೆ,” ಎಂದಳು ಅವಳು. “ಎರಡಕ್ಕೆ ಲಗ್ ಹಾಕಿದ, ಮೂರನೇದಕ್ಕೆ ಸೋಮಾರಿತನ ಮಾಡಿದ. ಬಾ, ಹೋಗೋಣ.”

“ಟೆಸ್ಟರ್ ಹೀಗೆ ಮಾಡಲ್ಲ.”

“ಅಪ್ಪಾ, ‘ಮಾಡಲ್ಲ’ ಅನ್ನೋದನ್ನ ಕೋರ್ಟಿನಲ್ಲಿ ತೋರಿಸೋಕಾಗಲ್ಲ.”

“ಹಾಗಾದರೆ ಅವನನ್ನೇ ಕೇಳು.”

ಅವಳು ಉಸಿರು ಬಿಟ್ಟು ಠಾಣೆಗೆ ಫೋನ್ ಹಚ್ಚಿ, ಲಾಕಪ್ಪಿನವನ ಕಿವಿಗೆ ಹಿಡಿಯುವಂತೆ ಹೇಳಿದಳು.

“ಅಕ್ಕಾ...”

“ಇಲ್ಲಿ ಅಕ್ಕ ಗಿಕ್ಕ ಯಾರೂ ಇಲ್ಲ. ಮೇಡಂ ಅನ್ನು. ಎಷ್ಟು ಲಗ್ ಹಾಕಿದೆ?”

“ಮೇಡಂ ಅಕ್ಕಾ, ಮೊದಲನೇ ದಿನದಿಂದ ಹೇಳ್ತಾನೇ ಇದ್ದೀನಿ, ಯಾರೂ ಬರಕೊಳ್ತಾ ಇಲ್ಲ. ಮೂರು ವೈರಿಗೆ ಮೂರು! ಬೇರೆ ಊರಿಂದ ತರಿಸೋಕೆ ಎರಡು ದಿನ ಕಾದೆ. ಆ ದೊಡ್ಡ ಯಜಮಾನರು ಬೈದರು, ‘ಎರಡು ಎಳೆ ಕತ್ತರಿಸಿ ಹಾಕಯ್ಯಾ’ ಅಂದರು. ಆಗಲ್ಲ ಅಂದೆ. ಮೇಷ್ಟ್ರು ಅಲ್ಲಿದ್ದಾರಾ? ಮೇಷ್ಟ್ರೇ, ನೀವಾದರೂ ಹೇಳಿ...”

ಅವಳು ಫೋನ್ ಕತ್ತರಿಸಿದಳು. ಅಪ್ಪ ಗೆದ್ದವನಂತೆ ನೋಡಬಹುದೆಂದುಕೊಂಡಿದ್ದಳು. ಅಪ್ಪ ಅವಳ ಕಡೆ ನೋಡಲೇ ಇಲ್ಲ. ಕರವಸ್ತ್ರದಿಂದ ಮೂರನೆಯ ವೈರನ್ನು ಮೆಲ್ಲಗೆ ಒರೆಸುತ್ತಿದ್ದ.

“ಇದು ಉಳಿದೆರಡಕ್ಕಿಂತ ನಾಲ್ಕು ಬೆರಳು ಗಿಡ್ಡ,” ಎಂದ. “ಎಳೆದು ಎಳೆದು ಮುಟ್ಟಿಸಿದ್ದಾರೆ. ಲಗ್ ಇದ್ದ ತುದಿಯನ್ನೇ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ.”

“ಅಥವಾ ಮೊದಲಿಂದಲೇ ಗಿಡ್ಡ ಇತ್ತು.”

“ಬಗ್ಗು. ಇನ್ನೂ ಬಗ್ಗು. ಟೋಪಿ ತೆಗೆದಿಡು ಮೊದಲು.”

ಅವಳು ಟೋಪಿ ತೆಗೆದು ಬಗ್ಗಿದಳು. ಬೆಂಕಿಯ ಝಳಕ್ಕೆ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ, ಮೇಣದಂತೆ ಇಳಿದು, ಎಳೆಗಳ ಮೇಲೆ ಹರಿದು ಗಟ್ಟಿಯಾಗಿತ್ತು. ಆ ಕಪ್ಪು ಗಡ್ಡೆಯನ್ನು ಅಪ್ಪನ ಉಗುರು ತೋರಿಸಿತು. ಒಂಬತ್ತು ಎಳೆಗಳು ತುಂಡಾದ ಜಾಗದಲ್ಲಿ ಗಡ್ಡೆಯೂ ತುಂಡಾಗಿತ್ತು, ಚಾಕುವಿನಲ್ಲಿ ಕೊಯ್ದಷ್ಟು ನೀಟಾಗಿ. ಕೊಯ್ದ ಮುಖದಲ್ಲಿ ಅಲ್ಯೂಮಿನಿಯಂ ಹೊಸ ಪಾತ್ರೆಯ ಹಾಗೆ ಬೆಳ್ಳಗಿತ್ತು. ಸುತ್ತಲೂ ಇಷ್ಟು ಮಸಿ. ಅಲ್ಲಿ ಮಾತ್ರ ಒಂದು ಚುಕ್ಕೆ ಮಸಿ ಇಲ್ಲ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಮೊದಲು ಕರಗಿದೆ,” ಎಂದಳು ನಿಧಾನವಾಗಿ. “ಆಮೇಲೆ ಕತ್ತರಿಸಿದ್ದಾರೆ.”

“ಬೆಂಕಿ ಆರಿ, ತಣ್ಣಗಾದ ಮೇಲೆ.”

ಅಂದರೆ ವೈರು ಕತ್ತರಿಸಿದ್ದರಿಂದ ಬೆಂಕಿ ಹತ್ತಿದ್ದಲ್ಲ. ಬೆಂಕಿ ಹತ್ತಿದ ಮೇಲೆ ಯಾರೋ ಬಂದು ವೈರು ಕತ್ತರಿಸಿದ್ದರು. ಅದೂ ಅವಳೇ ಮೊಹರು ಹಾಕಿಸಿ, ಕಾವಲಿಟ್ಟ ಕೋಣೆಯಲ್ಲಿ.

ಅವಳು ಬಾಗಿಲ ಕಡೆ ತಿರುಗಿ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲಿನ ಪೇದೆಯನ್ನು ಕೂಗಿದಳು. ಆ ಕೂಗಿಗೆ ಅವನು ಕುರ್ಚಿಯನ್ನೂ ಜೊತೆಗೇ ಎತ್ತಿಕೊಂಡು ಬಂದ.

“ಈ ಕೋಣೆಗೆ ಯಾರು ಬಂದಿದ್ದರು?”

“ಯಾರೂ ಇಲ್ಲ ಮೇಡಂ. ಆ ತಜ್ಞರು ಬಿಟ್ಟರೆ ಒಂದು ನರಪಿಳ್ಳೆ ಸುಳಿದಿಲ್ಲ.”

“ಯೋಚನೆ ಮಾಡಿ ಹೇಳಿ.”

“ಯಾರೂ ಇಲ್ಲ ಮೇಡಂ. ಚಿಕ್ಕ ಯಜಮಾನರು ಒಂದು ಸಲ...”

“ಚಿಕ್ಕ ಯಜಮಾನ ಮನುಷ್ಯನಲ್ಲವಾ?”

“ಸತ್ತವರ ತಮ್ಮ, ಮನೆಯವರಲ್ಲವಾ ಮೇಡಂ, ಅದಕ್ಕೆ ಲೆಕ್ಕಕ್ಕೆ ಹಿಡೀಲಿಲ್ಲ. ಮೂರನೇ ದಿನ ಬಂದರು. ಪುಸ್ತಕದ ಮೇಲೆ ಹೆಸರು ಒತ್ತೋ ಹಿತ್ತಾಳೆ ಅಕ್ಷರ ಬೇಕಿತ್ತಂತೆ. ಅಳ್ತಾ ಇದ್ದರು. ಹತ್ತೇ ನಿಮಿಷ.”

“ಮೊಹರು?”

“ಮತ್ತೆ ಅಂಟಿಸಿದೆ ಮೇಡಂ,” ಎಂದ ಪೇದೆ, ಹೊಗಳಿಕೆ ನಿರೀಕ್ಷಿಸುವವನ ಹಾಗೆ. “ಅವರ ಹತ್ತಿರ ಒಳ್ಳೇ ಅಂಟು ಇತ್ತು.”

ಅವಳು ಕಣ್ಣು ಮುಚ್ಚಿ ಐದರವರೆಗೆ ಎಣಿಸಿದಳು. ತಜ್ಞ ಬಂದದ್ದು ಐದನೆಯ ದಿನ. ಅವನ ಕಣ್ಣಿಗೆ ಬಿದ್ದದ್ದು ಮೂರನೆಯ ದಿನ ಸಿದ್ಧಪಡಿಸಿಟ್ಟ ವೈರು. ಅದನ್ನೇ ಬರೆದು ಹೋದ. ಅದನ್ನೇ ನಂಬಿ ಅವಳು ಒಬ್ಬನನ್ನು ಒಳಗೆ ಹಾಕಿದಳು. ಮೊದಲ ದಿನವೇ ಆ ಪೆಟ್ಟಿಗೆಯ ಬಾಗಿಲು ತೆರೆದು ಒಂದು ಫೋಟೋ ತೆಗೆಸಿದ್ದರೆ ಸಾಕಿತ್ತು. ತೆಗೆಸಿರಲಿಲ್ಲ. ಪೇದೆಯನ್ನು ಬೈಯಲು ತೆರೆದ ಬಾಯಿಯನ್ನು ಅವಳು ಹಾಗೇ ಮುಚ್ಚಿಕೊಂಡಳು.

ಬೆಂಕಿ ಮುಟ್ಟದೆ ಉಳಿದಿದ್ದ ಮುಂದಿನ ಕೋಣೆಯಲ್ಲಿ ಕೆಲಸ ನಡೆದಿತ್ತು. ಯಾವುದೋ ಗ್ರಂಥಾಲಯದ ಪುಸ್ತಕಗಳನ್ನು ಕೊಡಬೇಕಾಗಿತ್ತು. ಸತ್ತ ದೊಡ್ಡ ಯಜಮಾನನ ಹೆಂಡತಿ ಕಿಟಕಿಯ ಬಳಿ ಕೂತು ಹಾಳೆಯ ಕಂತೆಗಳನ್ನು ದಾರದಿಂದ ಹೊಲಿಯುತ್ತಿದ್ದಳು. ಚಿಕ್ಕ ಯಜಮಾನ, ಅಂದರೆ ಅವಳ ಮೈದುನ, ಉದ್ದನೆಯ ಮೇಜಿನ ಮುಂದೆ ನಿಂತು ರಟ್ಟಿಗೆ ಅಂಟು ಬಳಿಯುತ್ತಿದ್ದ. ಕೋಣೆ ತುಂಬ ಅಂಟಿನ ಹುಳಿ ವಾಸನೆ. ಹನ್ನೊಂದು ದಿನದಲ್ಲಿ ಅವನ ಗಡ್ಡ ಅರ್ಧ ಬೆಳ್ಳಗಾಗಿತ್ತು.

“ಮೂರನೇ ದಿನ ಒಳಗೆ ಹೋಗಿದ್ದಿರಂತೆ,” ಎಂದಳು ಇನ್ಸ್‌ಪೆಕ್ಟರ್.

“ಅಕ್ಷರ ಬೇಕಿತ್ತು.”

“ಅಕ್ಷರದ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇದೆ. ಹತ್ತು ನಿಮಿಷ ಯಾಕೆ ಬೇಕಾಯಿತು?”

“ಅಣ್ಣ ಸತ್ತ ಕೋಣೆ ಮೇಡಂ. ಹೋಗಿ ಹಾಗೇ ಓಡಿಬರೋಕಾಗುತ್ತಾ? ನಿಮಗೆ ಅಣ್ಣ ತಮ್ಮ ಇಲ್ಲವಾ?”

ಆರು ವರ್ಷದಿಂದ ಮುಖ ತೋರಿಸದ ತಮ್ಮ ಅವಳಿಗೆ ನೆನಪಾದ. ಅಪ್ಪ ಅಷ್ಟರಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಮೇಜಿನ ತುದಿಯಲ್ಲಿದ್ದ ದೊಡ್ಡ ಕತ್ತರಿಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡುತ್ತಿದ್ದ. ರಟ್ಟು ಕತ್ತರಿಸುವ ಕತ್ತರಿ, ಮೊಳಕೈಯುದ್ದದ್ದು.

“ಇದರಲ್ಲಿ ವೈರು ಕತ್ತರಿಸಬಾರದು ತಮ್ಮಾ,” ಎಂದ ಅಪ್ಪ, ಬೈಯುವ ದನಿಯಲ್ಲಲ್ಲ, ಬೇಸರದಿಂದ. “ಅಲಗು ಮುಕ್ಕಾಗುತ್ತೆ. ನೋಡು, ಇಲ್ಲೂ ಮುಕ್ಕಾಗಿದೆ, ಇಲ್ಲೂ. ಸಂದಿಯಲ್ಲಿ ಅಲ್ಯೂಮಿನಿಯಂ ಕೂತಿದೆ.”

ಅಂಟಿನ ಕುಂಚ ಚಿಕ್ಕ ಯಜಮಾನನ ಕೈಯಿಂದ ಜಾರಿ ರಟ್ಟಿನ ಮೇಲೆ ಬಿತ್ತು. ಕಿಟಕಿಯ ಬಳಿ ಸೂಜಿ ನಿಂತಿತು.

“ನನಗೆ ಆ ಟೆಸ್ಟರ್ ಮೇಲೆ ದ್ವೇಷ ಇಲ್ಲ,” ಎಂದ ಅವನು ಕೊನೆಗೆ.

“ದ್ವೇಷ ಇಲ್ಲದೇ ಇಷ್ಟು ದಿನ ಕಂಬಿ ಎಣಿಸಿದಾನಲ್ಲ!” ಅಪ್ಪನ ದನಿ ಏರಿತು. “ಅವನಿಗೂ ಮನೆ ಇದೆ. ಅವನ ಹೆಂಡತಿ ದಿನಾ ನನ್ನ ಬಾಗಿಲಿಗೆ ಬಂದು ನಿಲ್ತಾಳೆ. ಅವಳಿಗೆ ನಾನೇನು ಹೇಳಲಿ?”

“ಅಪ್ಪಾ, ನೀನು ಸ್ವಲ್ಪ ಸುಮ್ಮನಿರು. ಯಾಕೆ ಕತ್ತರಿಸಿದಿರಿ?”

“ಒಳಗೆ ಹೋಗಲಿಲ್ಲ ಮೇಡಂ. ಆ ತೂತು ಚಿಕ್ಕದು, ವೈರು ದಪ್ಪ. ಎಷ್ಟು ಒತ್ತಿದರೂ ಹೋಗಲಿಲ್ಲ. ಹತ್ತೇ ನಿಮಿಷ ಅಂದಿದ್ದರು. ಒಂದೊಂದೇ ಎಳೆ ಕತ್ತರಿಸ್ತಾ ಹೋದೆ.”

“ಅದು ಹೇಗೆ ಅಂತ ಗೊತ್ತಾಯಿತು. ಯಾಕೆ? ಲಗ್ ಇದ್ದ ತುದಿ ಏನಾಯಿತು?”

ಅವನು ಅತ್ತಿಗೆಯ ಕಡೆ ನೋಡದಿರಲು ಕಷ್ಟಪಡುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

“ನಾನು ಪೆಟ್ಟಿಗೆ ತೆಗೆದಾಗ ಆ ವೈರು ಬ್ರೇಕರಿನಲ್ಲಿ ಇರಲೇ ಇಲ್ಲ. ಹೊರಗೆ ನೇತಾಡ್ತಾ ಇತ್ತು. ಸ್ಕ್ರೂ ಸಡಿಲ ಮಾಡಿ ಯಾರೋ ಹೊರಗೆಳೆದು, ತುದಿಗೆ ಬಟ್ಟೆ ಸುತ್ತಿಟ್ಟಿದ್ದರು. ಆ ಬಟ್ಟೆ ಪ್ಲಾಸ್ಟಿಕ್ಕಿನ ಜೊತೆ ಕರಗಿ ಅಂಟಿಕೊಂಡಿತ್ತು. ಬಿಡಿಸೋಕೆ ಬರಲಿಲ್ಲ. ಅದಕ್ಕೆ ತುದಿಯನ್ನೇ ಕತ್ತರಿಸಿ ತಂದೆ.”

ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟ. “ಬೆಂಕಿಗೆ ಮುಂಚೆಯೇ ಬಿಚ್ಚಿತ್ತಾ?”

“ಬಿಚ್ಚಿತ್ತು. ಬಟ್ಟೆ ಸುಟ್ಟು ಕಂದಾಗಿತ್ತು.”

“ಮೂರು ವೈರು ಅಂದರೆ ಮೂರು ಫೇಸ್. ಒಂದು ಇಲ್ಲ ಅಂದರೂ ಉಳಿದೆರಡರಲ್ಲಿ ದೀಪ ಉರೀತಾ ಇರುತ್ತೆ, ಫ್ಯಾನು ತಿರುಗ್ತಾ ಇರುತ್ತೆ,” ಎಂದ ಅಪ್ಪ ಮಗಳ ಕಡೆ ತಿರುಗಿ. “ರಜೆಯ ದಿನ, ಯಂತ್ರ ಯಾವುದೂ ಓಡ್ತಾ ಇರಲಿಲ್ಲ. ಒಳಗಿದ್ದವನಿಗೆ ಏನೂ ಗೊತ್ತಾಗಲ್ಲ. ಆದರೆ ಆ ಹಿಂದಿನ ಶಟರಿನ ಮೋಟಾರಿಗೆ ಮೂರೂ ಬೇಕು. ಬಟನ್ ಒತ್ತಿದರೆ ಗುಂಯ್ ಅನ್ನುತ್ತೆ, ಅಷ್ಟೇ. ಮೇಲೇಳಲ್ಲ.”

ಶಟರಿನ ಬುಡದಲ್ಲಿ ಹೆಣ ಬಿದ್ದಿದ್ದ ರೀತಿ ಇನ್ಸ್‌ಪೆಕ್ಟರಿನ ಕಣ್ಣ ಮುಂದೆ ಬಂತು. ಬಲಗೈ ಬಟನ್ನಿನ ಕೆಳಗೇ ಚಾಚಿತ್ತು. ಕರೆಂಟು ಹೋಗಿದ್ದರಿಂದ ಶಟರು ಏಳಲಿಲ್ಲ ಎಂದು ಎಲ್ಲರಂತೆ ಅವಳೂ ನಂಬಿದ್ದಳು. ಮುಂದಿನ ಕೋಣೆಗೆ ಹೋಗುವ ಬಾಗಿಲಿಗೆ ಬೆಂಕಿ ಅಡ್ಡ, ಹಿಂದಿನ ಬಾಗಿಲಿಗೆ ಬಿಚ್ಚಿಟ್ಟ ವೈರು ಅಡ್ಡ. ಇದು ಅಜಾಗರೂಕತೆಯ ಕೇಸೇ ಅಲ್ಲ. ಯಾರೋ ಅವನನ್ನು ಕೂಡಿಹಾಕಿ ಸುಟ್ಟಿದ್ದರು.

“ಅದನ್ನ ನೋಡಿಯೂ ಬಾಯಿ ಮುಚ್ಚಿಕೊಂಡಿರಿ,” ಎಂದಳು. “ಮುಚ್ಚಿಕೊಂಡದ್ದಷ್ಟೇ ಅಲ್ಲ, ಗುರುತು ಅಳಿಸಿದಿರಿ. ಯಾರನ್ನ ಕಾಪಾಡೋಕೆ?”

ಅವನು ಬಿದ್ದ ಕುಂಚವನ್ನು ಎತ್ತಿ ಅಂಟಿನ ಡಬ್ಬಿಗೆ ಹಾಕಿದ.

“ಆ ಬಟ್ಟೆ ನಮ್ಮದೇ ಮೇಡಂ. ಪುಸ್ತಕದ ಬೆನ್ನಿಗೆ ಹಾಕೋ ಕೆಂಪು ಕ್ಯಾಲಿಕೋ. ಅದರ ಬೀರುವಿನ ಕೀಲಿ ಇರೋದು ಇಬ್ಬರ ಹತ್ತಿರ. ಒಂದು ನನ್ನ ಹತ್ತಿರ. ನಾನಂತೂ ಮಾಡಿಲ್ಲ.” ಅವನು ನೆಲ ನೋಡುತ್ತ ಹೇಳಿದ. “ಅಣ್ಣ ಹೋದ. ಅತ್ತಿಗೆಯೂ ಜೈಲಿಗೆ ಹೋದರೆ ಮಕ್ಕಳಿಗೆ ಯಾರು ಗತಿ ಅಂತ...”

“ಏನಂದೆ?”

ಅತ್ತಿಗೆ ಎದ್ದು ನಿಂತಿದ್ದಳು. ಮಡಿಲಲ್ಲಿದ್ದ ಕಂತೆಗಳು ನೆಲಕ್ಕೆ ಚೆಲ್ಲಿದವು.

“ನಾನಾ? ನನ್ನ ಗಂಡನ್ನ ನಾನು...?” ಅವಳಿಗೆ ನಗು ಬಂತೋ ಅಳು ಬಂತೋ ಹೇಳಲಾಗುತ್ತಿರಲಿಲ್ಲ. “ಬೆಂಕಿ ಆರಿದ ಮೇಲೆ ಮೇನ್ ಆಫ್ ಮಾಡೋಕೆ ಹೋಗಿ ಆ ಪೆಟ್ಟಿಗೆ ಬಾಗಿಲು ಮೊದಲು ತೆಗೆದೋಳೇ ನಾನು. ಆ ನೇತಾಡೋ ವೈರು ನೋಡಿದೆ, ಆ ಕೆಂಪು ಬಟ್ಟೆ ನೋಡಿದೆ. ಆ ವಾರ ನಿನಗೂ ಅವರಿಗೂ ಮಾತಿರಲಿಲ್ಲ. ನೀನೇ ಮಾಡಿದೆ ಅಂತ ತಿಳಕೊಂಡು, ಮನೆ ಒಡೆಯಬಾರದು ಅಂತ, ಇಷ್ಟು ದಿನ ನಿನಗೆ ಊಟ ಬಡಿಸಿದೀನಿ!”

“ಅತ್ತಿಗೇ...”

“ಮಾತಾಡಬೇಡ ನೀನು!”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಇನ್ಸ್‌ಪೆಕ್ಟರಿಗೆ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕೆನಿಸಿತು. ಹನ್ನೊಂದು ದಿನ! ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ, ಒಬ್ಬರನ್ನೊಬ್ಬರು ಕೊಲೆಗಾರರೆಂದುಕೊಂಡು, ಒಬ್ಬರನ್ನೊಬ್ಬರು ಕಾಪಾಡುತ್ತ, ಏನೂ ಅರಿಯದ ಮೂರನೆಯವನನ್ನು ಕಂಬಿಯ ಹಿಂದೆ ಬಿಟ್ಟಿದ್ದರು. ಇವರಲ್ಲಿ ಒಬ್ಬರು ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು.

ನಟನೆಯಿರಬಹುದೇ? ಅವಳು ಇಬ್ಬರ ಮುಖವನ್ನೂ ಹುಡುಕಿದಳು. ಅತ್ತಿಗೆಯ ಬೆರಳಿಗೆ ಸೂಜಿ ಚುಚ್ಚಿ ರಕ್ತ ಇಳಿಯುತ್ತಿತ್ತು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

“ಆ ತುದಿ ಎಲ್ಲಿ?” ಎಂದಳು ಇನ್ಸ್‌ಪೆಕ್ಟರ್.

ಚಿಕ್ಕ ಯಜಮಾನ ಗೋಡೆಯ ಕಪಾಟಿನಿಂದ ಒಂದು ದಪ್ಪ ಪುಸ್ತಕ ಇಳಿಸಿದ. ಮಾದರಿಗೆಂದು ಕಟ್ಟಿಟ್ಟ ಖಾಲಿ ಹಾಳೆಯ ಪುಸ್ತಕ. ಹಾಳೆಗಳ ನಡುವೆ ಕೊರೆದ ಗುಳಿಯಲ್ಲಿ ಅದು ಮಲಗಿತ್ತು: ನಾಲ್ಕು ಬೆರಳುದ್ದದ ವೈರು, ತುದಿಯಲ್ಲಿ ಲಗ್, ಮೇಲೆ ಸುಟ್ಟು ಕಂದಾದ ಕೆಂಪು ಬಟ್ಟೆಯ ಪಟ್ಟಿ. ಬೀರುವಿನ ಥಾನಿನದಲ್ಲ, ಕಸದ ಬುಟ್ಟಿಯಲ್ಲಿ ಯಾರಿಗಾದರೂ ಸಿಗುವ ಅಂಚಿನ ಚೂರು. “ಎಸೆದರೆ ಯಾರಾದರೂ ನೋಡ್ತಾರೆ ಅಂತ ಭಯ ಆಯಿತು,” ಎಂದ.

“ಲಗ್ ಇದೆ. ಟೆಸ್ಟರ್ ಸುಳ್ಳು ಹೇಳಿಲ್ಲ,” ಎಂದಳು ಅವಳು. ಬೆಳಗಿನಿಂದ ಮೊದಲ ಸಲ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. “ನೋಡಪ್ಪಾ, ನಿನ್ನ ಶಿಷ್ಯ ಗೆದ್ದ.”

ಅಪ್ಪ ಕನ್ನಡಕವನ್ನು ಹಣೆಯಿಂದ ಇಳಿಸಿ, ಆ ತುಂಡನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬಟ್ಟೆಯ ಸುತ್ತು ಒಂದರ ಮೇಲೊಂದು ಅರ್ಧರ್ಧ ಬರುವಂತೆ, ಎಲ್ಲೂ ಸುಕ್ಕಿಲ್ಲದೆ ಸಾಗಿತ್ತು. ಕೊನೆಯ ಸುತ್ತಿನಡಿ ತುದಿಯನ್ನು ತೂರಿಸಿ, ಬೇಕಾದಾಗ ಎಳೆದು ಬಿಚ್ಚಲು ಒಂದು ಪುಟ್ಟ ಕಿವಿ ಬಿಟ್ಟಿದ್ದರು.

“ಏನಪ್ಪಾ?”

“ಟೇಪು ಸಿಗದ ಕಾಲದಲ್ಲಿ ನಮ್ಮ ಗುರುಗಳು ಕರೆಂಟಿದ್ದ ತುದಿಗೆ ಬಟ್ಟೆ ಹೀಗೆ ಸುತ್ತೋರು,” ಎಂದ ಅಪ್ಪ. “ಅವರಿಂದ ನಾನು ಕಲಿತೆ. ಬೇರೆ ಯಾರೂ ಹೀಗೆ ಕಿವಿ ಬಿಡಲ್ಲ. ನಾನು ಇಬ್ಬರಿಗೆ ಮಾತ್ರ ಕಲಿಸಿದ್ದೀನಿ.”

“ಟೆಸ್ಟರ್‌ಗೆ.”

“ಅವನು ಎಡಚ. ಅವನ ಸುತ್ತು ಆ ಕಡೆಯಿಂದ ಈ ಕಡೆಗೆ ಬರುತ್ತೆ. ಇದು ಬಲಗೈಯವನ ಕೆಲಸ.”

“ಹಾಗಾದರೆ ಇನ್ನೊಬ್ಬ ಯಾರು?”

ಅಪ್ಪ ಆ ತುಂಡನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಕೈವಾರವನ್ನು ಚೀಲಕ್ಕೆ ಹಾಕಲು ಹೋದ. ಎರಡು ಸಲ ತಪ್ಪಿತು.

“ಬೆಂಕಿ ಬೀಳೋಕೆ ಮೂರು ದಿನ ಮುಂಚೆ ನಿನ್ನ ತಮ್ಮ ಬಂದಿದ್ದ,” ಎಂದ. “ಆರು ವರ್ಷದ ಮೇಲೆ. ಅಕ್ಕನಿಗೆ ಹೇಳಬೇಡ ಅಂದ. ಕೂತು ಚಹಾ ಕುಡಿದ. ಒಂದು ಫೇಸ್ ಬಿಚ್ಚಿದರೆ ದೀಪ ಉರೀತಾನೇ ಇರುತ್ತಾ, ಮೋಟಾರು ಮಾತ್ರ ನಿಲ್ಲುತ್ತಾ ಅಂತ ಕೇಳಿದ.”

ಅವಳು ಟಾರ್ಚನ್ನು ಮೇಜಿನ ಮೇಲಿಟ್ಟಳು.

“ನೀನು ಏನು ಹೇಳಿದೆ?”

“ಎಲ್ಲಾ ಹೇಳಿದೆ. ಒಂದು ಗಂಟೆ ಹೇಳಿದೆ.” ಅಪ್ಪ ಚೀಲದ ಬಾಯಿ ಕಟ್ಟಿದ. “ನಿನ್ನ ಹಾಗಲ್ಲ ಅವನು. ಪೂರ್ತಿ ಕೂತು ಕೇಳಿಸಿಕೊಂಡ.”